ಡಾಕ್ಟರು ಬರೆಯದೆ ಬಿಟ್ಟ ಹತ್ತು ನಿಮಿಷ

ಮೊದಲೇ ಹೇಳಿಬಿಡುತ್ತೇನೆ. ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಕಾದಂಬರಿಯನ್ನು ನೀವಿನ್ನೂ ಓದಿಲ್ಲ, ಮುಂದೆ ಓದುವ ಆಸೆ ಇದೆ ಅಂತಾದರೆ ಇಲ್ಲಿಗೇ ನಿಲ್ಲಿಸಿ. ಪುಸ್ತಕ ಓದಿಕೊಂಡು ಬನ್ನಿ. ಈ ಬರಹ ಎಲ್ಲಿಗೂ ಓಡಿಹೋಗಲ್ಲ. ಕೊಲೆ ಮಾಡಿದ್ದು ಯಾರು ಅಂತ ಹೇಳದೆ ಈ ಪುಸ್ತಕದ ಜಗಳದ ಬಗ್ಗೆ ಮಾತಾಡೋಕೆ ಆಗೋದೇ ಇಲ್ಲ.

ನನಗೆ ಮಾತ್ರ ಹೀಗೆ ಎಚ್ಚರಿಸುವ ಉಪಕಾರವನ್ನು ಯಾರೂ ಮಾಡಲಿಲ್ಲ.

ಮೈಸೂರಿನಲ್ಲಿ ನಾವು ಬಾಡಿಗೆಗಿದ್ದ ಬೀದಿಯ ಕೊನೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಒಂದು ಅಂಗಡಿಯಷ್ಟು ಜಾಗ. ಮುಂದೆ ಹಗ್ಗಕ್ಕೆ ನೇತುಹಾಕಿದ ಸುಧಾ, ತರಂಗ, ಮಯೂರ. ಒಳಗೆ ಗೋಡೆ ತುಂಬ ಕನ್ನಡ ಕಾದಂಬರಿ. ಇಂಗ್ಲಿಷ್ ಪುಸ್ತಕಗಳಿಗೆ ಸೂರಿನ ಹತ್ತಿರ ಒಂದೇ ಒಂದು ಹಲಗೆ. ಸ್ಟೂಲ್ ಹತ್ತಿ ತೆಗೆಯಬೇಕು. ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಹಾಗೆ ಸ್ಟೂಲ್ ಹತ್ತಿ ಇಳಿಸಿದ್ದು ಈ ಪುಸ್ತಕವನ್ನ. ಬೆನ್ನು ಕಿತ್ತುಹೋಗಿ ಅದಕ್ಕೆ ಖಾಕಿ ಟೇಪ್ ಹಚ್ಚಿದ್ದರು.

ಮನೆಗೆ ಬಂದು ಮೊದಲ ಅಧ್ಯಾಯ ತೆರೆದೆ. ತಲೆಬರಹದ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಡಾಕ್ಟರೇ ಕೊಲೆಗಾರ.' ಅದಕ್ಕೆ ಎರಡು ಅಡ್ಡಗೆರೆ ಬೇರೆ.

ಅದರ ಕೆಳಗೆ ಇನ್ಯಾರೋ ನೀಲಿ ಬಾಲ್‌ಪೆನ್ನಿನಲ್ಲಿ: 'ಅಯೋಗ್ಯ, ಯಾಕೋ ಹೇಳ್ದೆ?'

ಅದರ ಕೆಳಗೆ ಮೂರನೆಯ ಕೈ, ಚಿಕ್ಕ, ಓರೆ ಅಕ್ಷರ: 'ಇವನ ಮಾತು ನಂಬಬೇಡಿ. ಸುಮ್ನೆ ಆಟ ಆಡ್ತಿದ್ದಾನೆ. ಕೊಂದದ್ದು ಬಟ್ಲರ್.'

ಆ ಮೂರನೆಯವರು ಯಾರೋ ಪುಣ್ಯಾತ್ಮರು. ಹಾಳಾದ ಪುಸ್ತಕವನ್ನು ಒಂದು ಸುಳ್ಳು ಹೇಳಿ ರಿಪೇರಿ ಮಾಡಲು ನೋಡಿದ್ದರು. ಅದು ಅರ್ಧ ಕೆಲಸ ಮಾಡಿತು ಕೂಡ. ಡಾಕ್ಟರಾ, ಬಟ್ಲರಾ ಅಂತ ತೂಗುತ್ತಲೇ ಇಡೀ ಪುಸ್ತಕ ಓದಿದೆ. ಕೊನೆಯ ಪುಟಕ್ಕೆ ಬಂದರೆ ಅಲ್ಲಿ ಇನ್ನೊಂದು ಜಗಳ ಕಾದಿತ್ತು. ಒಬ್ಬರು ದೊಡ್ಡದಾಗಿ 'ಮೋಸ!!' ಅಂತ ಬರೆದಿದ್ದರು. ಇನ್ನೊಬ್ಬರು ಅದನ್ನು ಹೊಡೆದುಹಾಕಿ 'ಮೋಸ ಅಲ್ಲ, ನಿಮಗೆ ಓದಲು ಬರಲ್ಲ' ಅಂತ ಬರೆದಿದ್ದರು.

ಈ ಪುಸ್ತಕ ಬಂದದ್ದು 1926ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಇದರ ಬಗ್ಗೆ ಓದುಗರು ಆಡಿದ ಜಗಳವೆಲ್ಲ ಹೆಚ್ಚುಕಡಿಮೆ ಆ ಎರಡು ಸಾಲಿನಲ್ಲೇ ಇದೆ.

ಕತೆ ಗೊತ್ತಿಲ್ಲದೆಯೂ ಮೇಲಿನ ಎಚ್ಚರಿಕೆ ದಾಟಿ ಬಂದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ಕಿಂಗ್ಸ್ ಆಬಟ್ ಅನ್ನೋ ಕಾಲ್ಪನಿಕ ಹಳ್ಳಿ. ಊರಿನ ಸಾಹುಕಾರ ರೋಜರ್ ಆಕ್ರಾಯ್ಡ್. ಊರ ಡಾಕ್ಟರು ಶೆಪರ್ಡ್, ಅವರ ಮದುವೆಯಾಗದ ಅಕ್ಕ ಕ್ಯಾರಲಿನ್. ಪಕ್ಕದ ಮನೆಗೆ ಪತ್ತೇದಾರಿ ಕೆಲಸ ಸಾಕು ಅಂತ ನಿವೃತ್ತಿಯಾಗಿ, ಸೋರೆಕಾಯಿಯಂಥ ಒಂದು ತರಕಾರಿ ಬೆಳೆಯಲು ಬಂದಿರುವ ಎರ್ಕ್ಯೂಲ್ ಪ್ವಾರೋ. ಮಿಸೆಸ್ ಫೆರಾರ್ಸ್ ಅನ್ನೋ ವಿಧವೆ ಸಾಯುತ್ತಾಳೆ. ಗಂಡನಿಗೆ ವಿಷ ಹಾಕಿದ್ದು ಅವಳೇ. ಅದು ಗೊತ್ತಿದ್ದ ಯಾರೋ ಅವಳಿಂದ ದುಡ್ಡು ಹಿಂಡುತ್ತಿದ್ದರು. ಹಿಂಡುತ್ತಿದ್ದವನ ಹೆಸರು ಬರೆದ ಕಾಗದ ಆಕ್ರಾಯ್ಡ್ ಕೈಸೇರುತ್ತದೆ. ಅದೇ ರಾತ್ರಿ ಆಕ್ರಾಯ್ಡ್ ಕೊಲೆ. ಇಷ್ಟನ್ನೂ 'ನಾನು' ಅಂತ ಶುರುಮಾಡಿ ನಮಗೆ ಹೇಳುವವರು ಡಾಕ್ಟರ್ ಶೆಪರ್ಡ್. ದುಡ್ಡು ಹಿಂಡಿದ್ದೂ ಅವರೇ, ಕೊಂದದ್ದೂ ಅವರೇ.

ನಮ್ಮ ಮನೆಯಲ್ಲಿ ಈ ಪುಸ್ತಕ ಓದಿದವರು ಇನ್ನೂ ಇಬ್ಬರು. ಚಿಕ್ಕಪ್ಪ ಮತ್ತು ನನ್ನ ಅಕ್ಕ.

ಚಿಕ್ಕಪ್ಪ ಎನ್. ನರಸಿಂಹಯ್ಯನವರ ಕಾದಂಬರಿ ಓದಿ ಬೆಳೆದವರು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಪುಣ್ಯಾತ್ಮ ಅವರು. ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ಚಿಕ್ಕಪ್ಪನ ಮುಖ ಈಗಲೂ ಹೈಸ್ಕೂಲು ಹುಡುಗನ ಮುಖ ಆಗುತ್ತೆ. ಅವರು ಕೆಲಸ ಮಾಡಿದ್ದು ಲೆಕ್ಕ ತಪಾಸಣೆಯಲ್ಲಿ. ಮೂವತ್ತು ವರ್ಷ ಊರೂರು ಸುತ್ತಿ ಬೇರೆಯವರ ಜಮಾ-ಖರ್ಚಿನ ಪುಸ್ತಕ ನೋಡಿದವರು. ಆಕ್ರಾಯ್ಡ್ ಓದಿ ಮುಗಿಸಿದ ದಿನ ಪುಸ್ತಕವನ್ನು ಮಂಚದ ಕೆಳಗೆ ಎಸೆದರಂತೆ. ನಾನು ವಾದ ಮಾಡಿದೆ. "ಡಾಕ್ಟರು ಒಂದೇ ಒಂದು ಸುಳ್ಳೂ ಹೇಳಿಲ್ಲ ಚಿಕ್ಕಪ್ಪ, ಬರೆದದ್ದೆಲ್ಲ ನಿಜ" ಅಂದೆ.

"ಬರೆದದ್ದೆಲ್ಲ ನಿಜಾನೇ ಇರುತ್ತೆ ಕಣೇ," ಅಂದರು. "ಲೆಕ್ಕದ ಪುಸ್ತಕದಲ್ಲಿ ಬರೆದಿರೋದ್ರಲ್ಲಿ ಯಾವನೂ ಕದಿಯಲ್ಲ. ಬರೀದೇ ಬಿಟ್ಟಿರ್ತಾನಲ್ಲ, ಅಲ್ಲಿ ಕದ್ದಿರ್ತಾನೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಡಾಕ್ಟರನ್ನ ಬೈದರಾ, ಕ್ರಿಸ್ಟಿಯನ್ನ ಬೈದರಾ ಅನ್ನೋದು ಇವತ್ತಿಗೂ ಸ್ಪಷ್ಟ ಇಲ್ಲ. ಅವರಿಗೆ ಅಂಥ ವ್ಯತ್ಯಾಸ ಇದ್ದ ಹಾಗೆ ಕಾಣಲಿಲ್ಲ.

ಅವರು ಹೇಳಿದ 'ಬರೀದೇ ಬಿಟ್ಟದ್ದು' ಇರುವ ಜಾಗ ನಾಲ್ಕನೇ ಅಧ್ಯಾಯದಲ್ಲಿದೆ. ಡಾಕ್ಟರು ಆಕ್ರಾಯ್ಡ್ ಜೊತೆ ಊಟ ಮುಗಿಸಿ ಓದುವ ಕೋಣೆಯಲ್ಲಿ ಕೂತಿದ್ದಾರೆ. ಬಟ್ಲರ್ ಕಾಗದಗಳನ್ನು ತಂದುಕೊಡುತ್ತಾನೆ. ಆಕ್ರಾಯ್ಡ್ ಕಾಗದವನ್ನು ಅರ್ಧ ಓದಿ ನಿಲ್ಲಿಸುತ್ತಾನೆ. ಉಳಿದದ್ದನ್ನು ಒಬ್ಬನೇ ಓದಿಕೊಳ್ಳುತ್ತೇನೆ ಅಂತಾನೆ. ಈಗಲೇ ಓದಿ ಅಂತ ಡಾಕ್ಟರು ಒತ್ತಾಯಿಸುತ್ತಾರೆ. ಅವನು ಒಪ್ಪಲ್ಲ. ಆಮೇಲೆ ಡಾಕ್ಟರು ಬರೆಯುವುದು ಇಷ್ಟು: ಕಾಗದ ಬಂದದ್ದು ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ. ನಾನು ಹೊರಟದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ, ಕಾಗದ ಇನ್ನೂ ಓದದೇ ಇತ್ತು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಮಾಡಬೇಕಾದದ್ದು ಏನಾದರೂ ಉಳಿಯಿತಾ ಅಂತ ಒಂದು ಸಲ ಹಿಂದಿರುಗಿ ನೋಡಿದೆ.

ಅಷ್ಟೆ. ಒಂದು ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ನಡುವೆ ಹತ್ತು ನಿಮಿಷ. ಆ ಸಂದಿಯಲ್ಲಿ ಒಂದು ಕೊಲೆ ಆಗಿಹೋಗಿದೆ. ನಾವು ಅದರ ಮೇಲೆ ಕಾಲಿಟ್ಟು ದಾಟಿ ಮುಂದಿನ ಪುಟಕ್ಕೆ ಹೋಗಿದ್ದೇವೆ.

ಕೊನೆಯ ಅಧ್ಯಾಯದಲ್ಲಿ ಡಾಕ್ಟರೇ ಈ ಸಾಲುಗಳನ್ನು ಮತ್ತೆ ತೆಗೆದು ತೋರಿಸಿ ತನ್ನ ಬರವಣಿಗೆಯನ್ನು ತಾನೇ ಮೆಚ್ಚಿಕೊಳ್ಳುತ್ತಾರೆ. ಮೊದಲ ವಾಕ್ಯ ಆದಮೇಲೆ ನಾನೊಂದು ಸಾಲು ಚುಕ್ಕಿ ಹಾಕಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೇನೋ ಅಂತ ಕೇಳುತ್ತಾರೆ. ಕೊಂದದ್ದಕ್ಕಿಂತ ಚೆನ್ನಾಗಿ ಬರೆದದ್ದರ ಮೇಲೇ ಅವರಿಗೆ ಹೆಮ್ಮೆ ಜಾಸ್ತಿ. ಚಿಕ್ಕಪ್ಪನಿಗೆ ಪಿತ್ತ ನೆತ್ತಿಗೇರಿದ್ದು ಇಲ್ಲೇ. ನನಗೆ ಮೈ ಜುಮ್ಮೆಂದದ್ದೂ ಇಲ್ಲೇ.

ಚಿಕ್ಕಪ್ಪ ಒಂಟಿಯಲ್ಲ. ಅಮೆರಿಕದ ಎಸ್.ಎಸ್. ವ್ಯಾನ್ ಡೈನ್, ತಾನೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವನು, 1927ರಲ್ಲೇ ಈ ತಂತ್ರ ನ್ಯಾಯವಾದದ್ದಲ್ಲ ಅಂತ ಬರೆದ. ಮಾರನೇ ವರ್ಷ ಪತ್ತೇದಾರಿ ಕತೆಗೆ ಇಪ್ಪತ್ತು ನಿಯಮ ಮಾಡಿದ. ಕೊಲೆಗಾರ ಪತ್ತೇದಾರನಿಗೆ ಮಾಡುವ ಮೋಸವನ್ನು ಬಿಟ್ಟು, ಬೇರೆ ಯಾವ ಮೋಸವನ್ನೂ ಲೇಖಕ ಓದುಗನಿಗೆ ಮಾಡಕೂಡದು ಅನ್ನೋದು ಅದರಲ್ಲಿ ಎರಡನೆಯದು. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆ ಬರೆದರು. ಯಾರ ಮನಸ್ಸಿನ ಯೋಚನೆಗಳು ಓದುಗನಿಗೆ ಗೊತ್ತಾಗುತ್ತಾ ಹೋಗುತ್ತವೋ ಅವನು ಅಪರಾಧಿ ಆಗಬಾರದು ಅನ್ನೋದೇ ಮೊದಲ ಕಟ್ಟಳೆ. ಆ ಸಾಲು ಓದಿದಾಗ ಯಾರೋ ಮನೆಗೆ ಕಳ್ಳ ನುಗ್ಗಿದ ಮೇಲೆ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ ಹಾಗೆ ಅನ್ನಿಸಿತು ನನಗೆ.

ಇನ್ನೊಂದು ಕಡೆ ಡೊರೊತಿ ಸೇಯರ್ಸ್. ಅವರದೂ ಅದೇ ಕಸುಬು. ಎಲ್ಲರನ್ನೂ ಅನುಮಾನಿಸೋದು ಓದುಗನ ಕೆಲಸ, ಸುಳಿವು ಎಲ್ಲವೂ ಅಲ್ಲೇ ಇದೆ ಅನ್ನೋದು ಅವರ ವಾದ. ಅದೂ ಸುಳ್ಳಲ್ಲ. ಎಂಟು ಐವತ್ತಕ್ಕೆ ಕೋಣೆ ಬಿಟ್ಟ ಡಾಕ್ಟರು ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯುತ್ತೆ. ಮನೆಯಿಂದ ಗೇಟಿಗೆ ಐದೇ ನಿಮಿಷದ ದಾರಿ. ಈ ಲೆಕ್ಕ ಪುಸ್ತಕದಲ್ಲೇ ಇದೆ. ಪ್ವಾರೋ ಅದನ್ನೇ ಹಿಡಿದು ಎಳೆಯುತ್ತಾನೆ. ಲೆಕ್ಕ ತಪಾಸಣೆ ಮಾಡಿದ ಚಿಕ್ಕಪ್ಪನಿಗೆ ಇದು ಕಾಣಲಿಲ್ಲವಲ್ಲ ಅಂತ ಕಿಚಾಯಿಸಿದೆ. "ರಜಾ ಹಾಕಿ ಮನೇಲಿ ಕೂತು ಕತೆ ಓದೋವಾಗ್ಲೂ ಆಡಿಟ್ ಮಾಡ್ಬೇಕಾ?" ಅಂದರು. ಅದೂ ನ್ಯಾಯವೇ.

ಕ್ರಿಸ್ಟಿ ಸತ್ತಮೇಲೆ 1977ರಲ್ಲಿ ಬಂದ ಆತ್ಮಕತೆಯಲ್ಲಿ ಇದರ ಬಗ್ಗೆ ಒಂದಿಷ್ಟು ಮಾತಿದೆ. ಮೋಸ ಅಂತ ತುಂಬ ಜನ ಹೇಳುತ್ತಾರೆ, ಆದರೆ ಎಚ್ಚರದಿಂದ ಓದಿದರೆ ಅದು ತಪ್ಪು ಅಂತ ಗೊತ್ತಾಗುತ್ತೆ ಅಂತಾರೆ. ಡಾಕ್ಟರು ಬರೀ ಸತ್ಯವನ್ನೇ ಬರೆದರು, ಪೂರ್ತಿ ಸತ್ಯವನ್ನಲ್ಲ ಅನ್ನೋ ಅರ್ಥದ ಮಾತು. ಈ ಉಪಾಯ ಪೂರ್ತಿ ತನ್ನದಲ್ಲ ಅಂತಲೂ ಒಪ್ಪಿಕೊಳ್ಳುತ್ತಾರೆ. ತನ್ನ ಅಕ್ಕನ ಗಂಡ ಜೇಮ್ಸ್ ಒಮ್ಮೆ, ಈಗೆಲ್ಲ ಪತ್ತೇದಾರನೇ ಅಪರಾಧಿ ಆಗುತ್ತಿದ್ದಾನೆ, ಷರ್ಲಾಕ್ ಹೋಮ್ಸ್‌ನ ಕತೆ ಹೇಳುವ ಗೆಳೆಯ ವಾಟ್ಸನ್ ಇದ್ದಾನಲ್ಲ, ಅಂಥವನು ಯಾಕೆ ಆಗಬಾರದು ಅಂದಿದ್ದನಂತೆ. ಅಂಥದೇ ಸಲಹೆ ಇದ್ದ ಕಾಗದವೊಂದು ಲಾರ್ಡ್ ಮೌಂಟ್‌ಬ್ಯಾಟನ್ ಅವರಿಂದಲೂ ಬಂದಿತ್ತು. ಹೌದು, ಆಮೇಲೆ ನಮ್ಮ ದೇಶಕ್ಕೆ ಕೊನೆಯ ವೈಸ್‌ರಾಯ್ ಆಗಿ ಬಂದರಲ್ಲ, ಅವರೇ. ಇದನ್ನು ಹೇಳಿದಾಗ ಚಿಕ್ಕಪ್ಪ, "ಹಾಗೆ ಹೇಳು ಮತ್ತೆ!" ಅಂತ ತೊಡೆ ತಟ್ಟಿದರು.

ಪೂರ್ತಿ ಸತ್ಯ ಅಲ್ಲದ ಸತ್ಯ ಅಂದರೆ ನಮಗೇನು ಹೊಸದಾ? ಕುರುಕ್ಷೇತ್ರದಲ್ಲಿ ಧರ್ಮರಾಯ ಹೇಳಿದ್ದೂ ಅದೇ ತಾನೆ. ಅಶ್ವತ್ಥಾಮ ಸತ್ತ, ಅಂದ. ಆನೆ, ಅನ್ನೋದನ್ನ ಮೆಲ್ಲಗೆ ಅಂದ. ದ್ರೋಣರು ಬಿಲ್ಲು ಕೆಳಗಿಟ್ಟರು. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಅವತ್ತು ನೆಲ ಮುಟ್ಟಿತು. ಸುಳ್ಳು ಅಂತ ಯಾರೂ ತೋರಿಸಲಾರದ ಆ ಮಾತಿಗೆ ಮಹಾಭಾರತ ಶಿಕ್ಷೆ ಕೊಟ್ಟೇ ಕೊಡುತ್ತೆ. ಮಹಾಭಾರತ ಈ ವಿಷಯದಲ್ಲಿ ಚಿಕ್ಕಪ್ಪನ ಪಾರ್ಟಿ.

ಅಕ್ಕನ ಕತೆಯೇ ಬೇರೆ. ಅವಳು ನರ್ಸ್. ರಾತ್ರಿ ಪಾಳಿಯಲ್ಲಿ ಎರಡೆರಡು ಪುಟದ ಹಾಗೆ ಓದಿದಳು. ಹೆಣ ಸಿಕ್ಕುವ ಅಧ್ಯಾಯಕ್ಕೆ ಬಂದಾಗಲೇ ನನಗೆ ಫೋನ್ ಮಾಡಿ "ಈ ಡಾಕ್ಟರೇ ಅಲ್ವೇನೇ?" ಅಂದಳು. ನನಗೆ ಹೊಟ್ಟೆ ಉರಿದುಹೋಯಿತು. ಹೇಗೆ ಗೊತ್ತಾಯಿತು ಅಂತ ಕೇಳಿದೆ.

ಹೆಣ ನೋಡಿದ ಡಾಕ್ಟರು ಬಟ್ಲರನ್ನು ಪೊಲೀಸರಿಗೆ ಫೋನ್ ಮಾಡಲು ಕಳಿಸುತ್ತಾರೆ. ಕೋಣೆಯಲ್ಲಿ ಒಬ್ಬರೇ. ಆಗ ಒಂದು ಸಾಲು: ಮಾಡಬೇಕಾದ ಅಲ್ಪಸ್ವಲ್ಪ ಕೆಲಸವನ್ನು ಮಾಡಿದೆ. ನಾನು ಆ ಸಾಲಿನ ಮೇಲೆ ಕಣ್ಣು ಜಾರಿಸಿ ಹೋಗಿದ್ದೆ. ಹೆಣದ ಹತ್ತಿರ ಡಾಕ್ಟರು ಏನಾದರೂ ಮಾಡಿರುತ್ತಾರೆ, ನಾಡಿ ನೋಡೋದೋ ಏನೋ. ಅಕ್ಕ ಹಾಗೆ ಹೋಗಲಿಲ್ಲ.

"ಕೇಸ್ ಶೀಟಲ್ಲಿ ಹೀಗೇ ಬರೀತಾರೆ ಕಣೇ. 'ಅಗತ್ಯ ಚಿಕಿತ್ಸೆ ನೀಡಲಾಯಿತು.' ಅದನ್ನ ಓದಿದ ತಕ್ಷಣ ನಾನು ಕೇಳೋದೇ, ಯಾವ ಚಿಕಿತ್ಸೆ, ಎಷ್ಟು ಎಂಎಲ್, ಎಷ್ಟು ಗಂಟೆಗೆ? ಸತ್ತೋನಿಗೆ ಮಾಡೋ ಅಲ್ಪಸ್ವಲ್ಪ ಕೆಲಸ ಏನಿರುತ್ತೆ?"

ಆ ಅಲ್ಪಸ್ವಲ್ಪ ಕೆಲಸ ಏನು ಅಂದರೆ, ಆಕ್ರಾಯ್ಡ್ ಒಂಬತ್ತೂವರೆಗೂ ಬದುಕಿದ್ದ ಅಂತ ತೋರಿಸಲು ಅವನ ದನಿ ಕೇಳಿಸುವ ಹಾಗೆ ಇಟ್ಟಿದ್ದ ಡಿಕ್ಟಾಫೋನನ್ನು, ಅಂದರೆ ಮಾತು ಮುದ್ರಿಸಿ ಕೇಳಿಸುವ ಯಂತ್ರವನ್ನು, ಬ್ಯಾಗಿಗೆ ಸೇರಿಸಿ, ಎಳೆದಿದ್ದ ಕುರ್ಚಿಯನ್ನು ಮತ್ತೆ ಜಾಗಕ್ಕೆ ತಳ್ಳೋದು. ಅಕ್ಕನಿಗೆ ಪುಸ್ತಕ ಇಷ್ಟವಾಯಿತಾ ಅಂದರೆ, ಇಲ್ಲ. "ಗೊತ್ತಾಗಿಬಿಡ್ತಲ್ಲ, ಇನ್ನೇನಿದೆ" ಅಂದಳು. ಚಿಕ್ಕಪ್ಪನಿಗೆ ಗೊತ್ತಾಗಲಿಲ್ಲ ಅಂತ ಸಿಟ್ಟು, ಇವಳಿಗೆ ಗೊತ್ತಾಯಿತು ಅಂತ ಬೇಜಾರು.

ನನಗೆ? ಪೆನ್ಸಿಲ್ ಗೆಳೆಯನ ದಯದಿಂದ ಮೊದಲೇ ಅರ್ಧಂಬರ್ಧ ಗೊತ್ತಿತ್ತು, ಆದರೂ ಪುಸ್ತಕ ಕೈಬಿಡಲಿಲ್ಲ. ಕೊನೆ ಮೊದಲೇ ಗೊತ್ತಿದ್ದರೆ ಕತೆ ಜಾಸ್ತಿ ಹಿಡಿಸುತ್ತೆ ಅಂತ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಸಣ್ಣ ಕತೆಗಳನ್ನು ಕೊಟ್ಟು ಓದಿಸಿ ನೋಡಿದ್ದು. ಇದನ್ನ ಚಿಕ್ಕಪ್ಪನಿಗೆ ಹೇಳಿದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರೋಕೆ ಮುಂಚೆ ಅಡಿಗೆಮನೆಗೆ ನುಗ್ಗಿ ತಿಂದು ಬರೋರೂ ಇರ್ತಾರೆ, ಅವರಿಗೂ ಊಟ ರುಚಿಯಾಗೇ ಇರುತ್ತೆ ಅಂದರು. ಪಂಕ್ತಿಯಲ್ಲಿ ಕೂತು ಎಲೆಗೆ ಏನು ಬೀಳುತ್ತೆ ಅಂತ ಕಾಯೋ ಸುಖ ನನಗೆ ಈ ಪುಸ್ತಕದಲ್ಲಿ ಸಿಗಲಿಲ್ಲ, ಅದು ನಿಜ. ಮೋಸ ಹೋದವರನ್ನು ಕಂಡರೆ ನನಗೆ ಈಗಲೂ ಸಣ್ಣ ಅಸೂಯೆ.

ಈ ಜಗಳಕ್ಕೆ ಸೇರದೆ ದೂರ ನಿಂತು ನಕ್ಕವರೂ ಇದ್ದಾರೆ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1944ರಲ್ಲಿ ಪತ್ತೇದಾರಿ ಕತೆಗಳನ್ನು ಹೀಗಳೆದು 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬರೆದ. ಓದುಗರಿಂದ ಕಾಗದಗಳ ಸುರಿಮಳೆ. ನೀನು ಓದಿದ್ದು ಸರಿಯಾದ್ದಲ್ಲ, ಇದನ್ನ ಓದು, ಅದನ್ನ ಓದು ಅಂತ. ಓದಿ, 1945ರ ಜನವರಿಯಲ್ಲಿ ಮತ್ತೊಂದು ಬರೆದ. ತಲೆಬರಹ: ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು? ಈ ಚಟ ಪದಬಂಧಕ್ಕೂ ಸಿಗರೇಟಿಗೂ ಮಧ್ಯದ್ದು ಅಂದ. ತಮಾಷೆ ಅಂದರೆ ಆ ಬರಹದಲ್ಲಿ ಅವನು ಎತ್ತಿಕೊಂಡು ಜಾಡಿಸಿದ್ದು ಬೇರೆ ಲೇಖಕರ ಪುಸ್ತಕಗಳನ್ನ. ಆಕ್ರಾಯ್ಡ್ ಪಾಪ ಬರೀ ತಲೆಬರಹಕ್ಕೆ. ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘ 2013ರಲ್ಲಿ ತನ್ನ ಸದಸ್ಯರಿಂದ ಮತ ಹಾಕಿಸಿದಾಗ ಎಲ್ಲ ಕಾಲಕ್ಕೂ ಅತಿ ಒಳ್ಳೆಯ ಅಪರಾಧ ಕಾದಂಬರಿ ಅಂತ ಗೆದ್ದದ್ದು ಇದೇ. ಯಾರಿಗೇನು ಅಂದರೆ, ಇವರಿಗೆಲ್ಲ ಏನೋ ಇತ್ತು ಅಂತಾಯಿತು.

ನನಗೆ ಈ ಪುಸ್ತಕದ ಗುಟ್ಟು ಸರಿಯಾಗಿ ಬಿಟ್ಟದ್ದು ಅಮ್ಮನಿಂದ. ಅವಳು ಇಂಗ್ಲಿಷ್ ಓದಲ್ಲ.

ಡಿಸೆಂಬರ್ ಕೊನೆ. ಅವರೆಕಾಯಿ ಕಾಲ. ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳು ಎದುರಿಗಿಟ್ಟುಕೊಂಡು ಇಬ್ಬರೂ ಹಿತುಕುತ್ತಾ ಕೂತಿದ್ದೆವು. ಆ ಕೆಲಸಕ್ಕೆ ಕೈ ಬೇಕು, ತಲೆ ಬೇಡ. "ಏನಾದ್ರೂ ಕತೆ ಹೇಳೇ" ಅಂದಳು. ಇದನ್ನೇ ಶುರುಮಾಡಿದೆ. ಊರು, ಸಾಹುಕಾರ, ವಿಧವೆ, ಕಾಗದ. ಅಮ್ಮ ಹೂಂ, ಹೂಂ ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು.

"ಎಂಟು ನಲವತ್ತಕ್ಕೆ ಕಾಗದ ಬಂತು. ಡಾಕ್ಟರು ಎಂಟು ಐವತ್ತಕ್ಕೆ ಎದ್ದು ಹೊರಟ್ರು" ಅಂದೆ.

ಹೂಂ ಬರಲಿಲ್ಲ.

"ಹತ್ತು ನಿಮಿಷ ಒಳಗೇನ್ ಮಾಡ್ತಿದ್ರು?" ಅಂದಳು ಅಮ್ಮ.

ಕೈಯಲ್ಲಿದ್ದ ಕಾಳು ಸಿಪ್ಪೆ ಸಮೇತ ಬಟ್ಟಲಿಗೆ ಬಿತ್ತು. ವ್ಯಾನ್ ಡೈನ್‌ಗೂ ಚಿಕ್ಕಪ್ಪನಿಗೂ ಕಾಣದ್ದು ಇವಳಿಗೆ ಕಂಡದ್ದು ಹೇಗೆ? ಅಮ್ಮ ಬುದ್ಧಿವಂತೆ, ಅದು ಬೇರೆ ಮಾತು. ಆದರೆ ತಪ್ಪು ನನ್ನದು. ನಾನು 'ಡಾಕ್ಟರು' ಅಂದೆ, 'ನಾನು' ಅನ್ನಲಿಲ್ಲ. ಡಾಕ್ಟರು ಅಂದ ಕೂಡಲೇ ಅವರು ಕತೆಯೊಳಗಿನ ಒಬ್ಬ ಮನುಷ್ಯ ಆದರು. ಕತೆಯೊಳಗಿನ ಮನುಷ್ಯ ಎಲ್ಲಿದ್ದ, ಎಷ್ಟು ಹೊತ್ತಿದ್ದ ಅಂತ ಯಾರು ಬೇಕಾದರೂ ಕೇಳಬಹುದು. 'ನಾನು' ಅಂದಿದ್ದರೆ ಅಮ್ಮ ಹೂಂ ಅಂದುಬಿಡುತ್ತಿದ್ದಳು. ಕತೆ ಹೇಳುತ್ತಿರುವ ಅಜ್ಜಿಯನ್ನು ನಿಲ್ಲಿಸಿ, ಆ ಹೊತ್ತಲ್ಲಿ ನೀನೆಲ್ಲಿದ್ದೆ ಅಂತ ಯಾವ ಮೊಮ್ಮಗಳೂ ಕೇಳಲ್ಲ.

ಆ 'ಹೂಂ' ಇದೆಯಲ್ಲ, ಕ್ರಿಸ್ಟಿ ಕೈಹಾಕಿದ್ದು ಅದಕ್ಕೆ. ಇದಕ್ಕೆ ಮುಂಚಿನ ಎರಡು ಪ್ವಾರೋ ಕಾದಂಬರಿಗಳಲ್ಲಿ ಕತೆ ಹೇಳಿದ್ದು ಹೇಸ್ಟಿಂಗ್ಸ್, ಒಳ್ಳೆಯವನು, ಸ್ವಲ್ಪ ಪೆದ್ದ. ಇಲ್ಲಿ ಅವನು ಅರ್ಜೆಂಟೀನಾಕ್ಕೆ ಹೋಗಿದ್ದಾನೆ. ಖಾಲಿ ಕುರ್ಚಿಯಲ್ಲಿ ಡಾಕ್ಟರು ಬಂದು ಕೂರುತ್ತಾರೆ. ಓದುಗರು ಕುರ್ಚಿಗೆ ಹೂಂ ಅನ್ನುತ್ತಾರೆ, ಕೂತವನನ್ನು ನೋಡುವುದೇ ಇಲ್ಲ. ಚಿಕ್ಕಪ್ಪ ಪೂರ್ತಿ ಹೂಂ ಕೊಟ್ಟಿದ್ದರು, ಅದಕ್ಕೇ ಅಷ್ಟು ಸಿಟ್ಟು. ಅಕ್ಕ ಡಾಕ್ಟರುಗಳಿಗೆ ಹೂಂ ಕೊಡೋದು ಬಿಟ್ಟು ಎಷ್ಟೋ ವರ್ಷ ಆಗಿದೆ. ನಾನು ಪೆನ್ಸಿಲ್ಲಿಗೂ ಆ ಓರೆ ಅಕ್ಷರಕ್ಕೂ ಹಂಚಿ ಕೊಟ್ಟಿದ್ದೆ. ಮೋಸವಾ ಅಲ್ಲವಾ ಅನ್ನೋ ಪ್ರಶ್ನೆಗೆ ಇವರಲ್ಲಿ ಯಾರ ಉತ್ತರವೂ ಪುಸ್ತಕದ ಬಗ್ಗೆ ಮಾತ್ರ ಅಲ್ಲ ಅಂತ ನನಗೆ ಅವತ್ತಿನಿಂದ ಅನುಮಾನ.

ಒಬ್ಬ ಓದುಗ ಮಾತ್ರ ಎಲ್ಲರಿಗಿಂತ ಮುಂದೆ ಹೋಗಿದ್ದಾನೆ. ಪ್ಯಾರಿಸ್ಸಿನ ಸಾಹಿತ್ಯದ ಪ್ರೊಫೆಸರ್ ಪಿಯರ್ ಬಯಾರ್. 1998ರಲ್ಲಿ ಒಂದು ಇಡೀ ಪುಸ್ತಕ ಬರೆದು, ಪ್ವಾರೋ ತಪ್ಪು ಮಾಡಿದ, ಡಾಕ್ಟರು ಕೊಲೆಗಾರನೇ ಅಲ್ಲ ಅಂತ ವಾದಿಸಿದ. ಹಾಗಾದರೆ ಯಾರು? ಅಕ್ಕ ಕ್ಯಾರಲಿನ್, ತಮ್ಮನನ್ನು ಉಳಿಸಿಕೊಳ್ಳಲು. ಕತೆ ಹೇಳುವವನನ್ನು ನಂಬಬಾರದು ಅಂತಾದಮೇಲೆ ಅವನ ತಪ್ಪೊಪ್ಪಿಗೆಯನ್ನು ಮಾತ್ರ ಯಾಕೆ ನಂಬಬೇಕು ಅನ್ನೋದು ಅವನ ಪಟ್ಟು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಕ್ಯಾರಲಿನ್ ಕಡೆ ಅವನು ತಿರುಗಿ ನೋಡಿದ್ದು ಇಷ್ಟವಾಯಿತು. ಮನೆಯಿಂದ ಆಚೆ ಕಾಲಿಡದೆ, ಹಾಲಿನವನಿಂದ, ಕೆಲಸದವಳಿಂದ ಊರಿನ ಸುದ್ದಿಯನ್ನೆಲ್ಲ ತರಿಸಿಕೊಳ್ಳುವ ಹೆಂಗಸು ಅವಳು. ಪುಸ್ತಕದಲ್ಲಿ ತನಗೆ ಅತಿ ಪ್ರಿಯಳಾದವಳು ಇವಳೇ, ಮುಂದೆ ತನ್ನ ಇನ್ನೊಬ್ಬ ಪತ್ತೇದಾರಿಣಿ, ಮುದುಕಿ ಮಿಸ್ ಮಾರ್ಪಲ್ ಹುಟ್ಟಿದ್ದು ಪ್ರಾಯಶಃ ಇವಳನ್ನು ಬರೆದ ಖುಷಿಯಿಂದ ಅಂತ ಕ್ರಿಸ್ಟಿಯೇ ಹೇಳಿದ್ದಾರೆ. 1928ರಲ್ಲಿ ಈ ಕತೆ ನಾಟಕವಾದಾಗ ಕ್ಯಾರಲಿನ್‌ಳನ್ನು ತೆಗೆದು ಒಬ್ಬ ಚೆಂದದ ಹುಡುಗಿಯನ್ನು ಹಾಕಿದ್ದು ಅವರಿಗೆ ಸ್ವಲ್ಪವೂ ಸರಿಬರಲಿಲ್ಲ.

ಅವತ್ತು ಅಮ್ಮನಿಗೆ ಕತೆ ಪೂರ್ತಿ ಹೇಳಿದೆ. ಕೊನೆಯಲ್ಲಿ ಪ್ವಾರೋ ಡಾಕ್ಟರಿಗೆ ಒಂದು ರಾತ್ರಿಯ ಅವಕಾಶ ಕೊಡುತ್ತಾನೆ, ಅಕ್ಕನಿಗೆ ವಿಷಯ ಗೊತ್ತಾಗದಿರಲಿ ಅಂತ. ಡಾಕ್ಟರು ಎಲ್ಲವನ್ನೂ ಬರೆದಿಟ್ಟು, ಆ ವಿಧವೆ ತಗೊಂಡ ವೆರೊನಾಲ್ ನಿದ್ದೆಮದ್ದನ್ನೇ ತಾನೂ ತಗೊಳ್ಳಲು ಹೊರಡುತ್ತಾರೆ. ಅಮ್ಮನಿಗೆ ನ್ಯಾಯ, ಮೋಸ, ಸುಳಿವು ಯಾವುದೂ ಬೇಕಿರಲಿಲ್ಲ.

"ಆ ಅಕ್ಕನಿಗೆ?"

"ಗೊತ್ತಾಗಲ್ಲಮ್ಮ. ಅವಳಿಗೆ ಯಾವತ್ತೂ ಗೊತ್ತಾಗಲ್ಲ ಅಂತಾನೆ ಡಾಕ್ಟರು."

ಅಮ್ಮ ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು. ಬೆರಳು ಓಡುತ್ತಲೇ ಇತ್ತು.

"ಊರಲ್ಲಿ ಯಾರ ಮನೇಲಿ ಏನಾಯ್ತು ಅಂತ ಕೂತಲ್ಲೇ ಹೇಳೋಳು ಅಂದ್ಯಲ್ಲ ಅವಳು. ಒಂದೇ ಸೂರಿನ ಕೆಳಗಿರೋ ತಮ್ಮನದು ಗೊತ್ತಾಗಲ್ವಾ? ಗೊತ್ತಿತ್ತು ಬಿಡು. ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ."

ಆಮೇಲೆ, "ಆ ಸಿಪ್ಪೆ ಬುಟ್ಟಿ ಈ ಕಡೆ ತಳ್ಳು" ಅಂದಳು.